ಎಷ್ಟು ವ್ಯಾಟ್ ಎಂದು ಕೇಳಿದರೆ ಸಾಲದು: ಸ್ಟುಡಿಯೊ ಸ್ಟ್ರೋಬ್ ದೀಪಗಳ ಒಂದು ವಿಮರ್ಶೆ

ಸ್ಟುಡಿಯೊಗೆ ಹೊಸ ಸ್ಟ್ರೋಬ್ ದೀಪ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಇದು ಎಷ್ಟು ವ್ಯಾಟ್?" ಎಂದು. ಅಂಗಡಿಯವರು ಒಂದು ಡಬ್ಬಿ ತೋರಿಸಿ ನಾನೂರು ಎನ್ನುತ್ತಾರೆ, ಇನ್ನೊಂದನ್ನು ತೋರಿಸಿ ಆರುನೂರು ಎನ್ನುತ್ತಾರೆ. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ. ಕಾಲೇಜುಗಳ ಪತ್ರಿಕೋದ್ಯಮ ವಿಭಾಗದವರು ಕೊಟೇಶನ್ ಕರೆಯುವಾಗಲೂ "ಇಂತಿಷ್ಟು ವ್ಯಾಟಿನ ದೀಪ ಎರಡು, ಸ್ಟ್ಯಾಂಡ್ ಎರಡು, ಕೊಡೆ ಎರಡು" ಎಂದು ಬರೆದು ಮುಗಿಸುವುದುಂಟು. ಆ ಒಂದು ಅಂಕಿಯನ್ನು ಪೂರೈಸಿದವರಲ್ಲಿ ಯಾರ ದರ ಕಡಿಮೆಯೋ ಅವರ ದೀಪ ಬರುತ್ತದೆ.

ಈ ಅಂಕಿ ದೀಪದ ಗುಣವನ್ನು ಎಷ್ಟರ ಮಟ್ಟಿಗೆ ಹೇಳುತ್ತದೆ? ಹೇಳದೆ ಬಿಡುವುದೇನು? ಪಿಯುಸಿ ಭೌತವಿಜ್ಞಾನದ ತಿಳುವಳಿಕೆ ಇದ್ದರೆ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬಹುದು. ಯಾವುದೋ ಒಂದು ಕಂಪನಿಯ ದೀಪವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಇಲ್ಲಿನ ಉದ್ದೇಶವಲ್ಲ. ಡಬ್ಬಿಯ ಮೇಲೆ ಅಚ್ಚಾಗುವ ವಿವರಗಳ ಪಟ್ಟಿಯೇ ಈ ವಿಮರ್ಶೆಯ ವಸ್ತು.

ದಂಡಿನ ಸ್ಟುಡಿಯೊಗಳು

ಬೆಂಗಳೂರಿನ ದಂಡು ಪ್ರದೇಶಕ್ಕೂ ಛಾಯಾಗ್ರಹಣಕ್ಕೂ ಹಳೆಯ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿಯಾಗಿದ್ದ ಲಿನ್ನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಚಿತ್ರ ತೆಗೆದಾಗ ಅವನಿಗಿದ್ದುದು ಬಿಸಿಲೊಂದೇ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ದೀಪ ಹತ್ತಿದ್ದು 1905ರಲ್ಲಿ. ಹಿಂದೆ ಸೌತ್ ಪೆರೇಡ್ ಎನಿಸಿಕೊಂಡಿದ್ದ ಎಂ.ಜಿ. ರಸ್ತೆಯಲ್ಲಿ ಹೆಸರು ಮಾಡಿದ ಜಿ.ಕೆ. ವೇಲ್ ಸಂಸ್ಥೆ ಆರಂಭವಾದದ್ದು 1910ರಲ್ಲಿ. ಆ ಕಾಲದ ಛಾಯಾಗ್ರಾಹಕರು ಸಾಮಾನ್ಯವಾಗಿ ಕಿಟಕಿಯ ಬೆಳಕನ್ನೋ ಉರಿಯುವ ಮೆಗ್ನೀಸಿಯಂ ಪುಡಿಯನ್ನೋ ನಂಬಿದ್ದರು. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದದ್ದು ಆಮೇಲೆ.

ಇಂದು ಈ ಭಾಗದ ಸ್ಟುಡಿಯೊಗಳ ಕೆಲಸ ಒಂದೇ ಬಗೆಯದಲ್ಲ. ಶಿವಾಜಿನಗರದ ಕಿರಿದಾದ ಕೋಣೆಯಲ್ಲಿ ದಿನವಿಡೀ ಪಾಸ್‌ಪೋರ್ಟ್ ಅಳತೆಯ ಚಿತ್ರಗಳು. ಹಲಸೂರಿನಲ್ಲಿ ಮದುವೆ, ನಾಮಕರಣಗಳ ಕುಟುಂಬದ ಗುಂಪು ಚಿತ್ರಗಳು. ಇಂದಿರಾನಗರದಲ್ಲಿ ಅಂತರಜಾಲದ ಮಾರಾಟಕ್ಕಾಗಿ ಬಟ್ಟೆ, ಒಡವೆಗಳ ಚಿತ್ರಗಳು. ಕೆ.ಆರ್. ಪುರದ ಕಡೆಯ ಕಲ್ಯಾಣ ಮಂಟಪಗಳಿಗೆ ದೀಪಗಳನ್ನು ಹೊತ್ತೊಯ್ದು ತೆಗೆಯುವ ಚಿತ್ರಗಳು. ಈ ನಾಲ್ಕಕ್ಕೂ ಬೇಕಾದ ದೀಪ ಒಂದೇ ಅಲ್ಲ. ಮೊಬೈಲ್ ಫೋನ್ ಎಲ್ಲರ ಕೈಗೂ ಬಂದ ಮೇಲೆ ಸಣ್ಣ ಸ್ಟುಡಿಯೊಗಳ ಆದಾಯ ತೆಳ್ಳಗಾಗಿದೆ. ಫೋನು ಕೊಡಲಾರದ ಬೆಳಕನ್ನು ಕೊಡುವುದರಿಂದಲೇ ಅವು ಉಳಿದುಕೊಳ್ಳಬೇಕು. ತಪ್ಪು ದೀಪಕ್ಕೆ ಹಾಕಿದ ಹಣವನ್ನು ಮರಳಿ ದುಡಿಯುವುದು ಅಂತಹವರಿಗೆ ಸುಲಭವಲ್ಲ.

ವ್ಯಾಟ್ ಅಲ್ಲ, ಜೂಲ್

ಸ್ಟ್ರೋಬಿನ ಒಳಗಿರುವ ಮುಖ್ಯ ಭಾಗಗಳು ಎರಡು. ಒಂದು, ವಿದ್ಯುದಾವೇಶವನ್ನು ಕೂಡಿಡುವ ಧಾರಕ, ಅಂದರೆ ಕೆಪಾಸಿಟರ್. ಇನ್ನೊಂದು, ಕ್ಸೆನಾನ್ ಅನಿಲ ತುಂಬಿದ ಗಾಜಿನ ನಳಿಗೆ. ಧಾರಕ ನಿಧಾನವಾಗಿ ತುಂಬಿಕೊಳ್ಳುತ್ತದೆ. ಕ್ಯಾಮೆರಾದ ಸಂಕೇತ ಬಂದೊಡನೆ ನಳಿಗೆಯ ಅನಿಲ ಅಯಾನೀಕರಣಗೊಂಡು ವಾಹಕವಾಗುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಕ್ಷಣದಲ್ಲಿ ಅದರ ಮೂಲಕ ಹರಿದು ಬೆಳಕು, ಶಾಖಗಳಾಗುತ್ತದೆ.

ಧಾರಕದಲ್ಲಿರುವ ಶಕ್ತಿ = ½ × ಧಾರಕತೆ × (ವೋಲ್ಟೇಜ್)². ಧಾರಕತೆ 5000 ಮೈಕ್ರೊಫ್ಯಾರಡ್, ವೋಲ್ಟೇಜ್ 400 ಆಗಿದ್ದರೆ ಶಕ್ತಿ ½ × 0.005 × 1,60,000 = 400 ಜೂಲ್. ಡಬ್ಬಿಯ ಮೇಲೆ 400 ಎಂದಿರುವುದು ಇದೇ. ಸರಿಯಾಗಿ ಬರೆಯುವವರು ಇದನ್ನು ವ್ಯಾಟ್-ಸೆಕೆಂಡ್ ಎನ್ನುತ್ತಾರೆ. ಒಂದು ವ್ಯಾಟ್-ಸೆಕೆಂಡ್ ಎಂದರೆ ಒಂದು ಜೂಲ್. ವ್ಯಾಪಾರದ ಮಾತಿನಲ್ಲಿ "ಸೆಕೆಂಡ್" ಬಿದ್ದುಹೋಗಿ "ವ್ಯಾಟ್" ಮಾತ್ರ ಉಳಿದಿದೆ.

ಇದು ಬರಿಯ ಪದದ ತಕರಾರಲ್ಲ. ವ್ಯಾಟ್ ಎಂಬುದು ಸಾಮರ್ಥ್ಯದ, ಅಂದರೆ ಶಕ್ತಿ ವ್ಯಯವಾಗುವ ದರದ ಮಾನ. ಈ 400 ಜೂಲ್ ಒಂದು ಮಿಲಿಸೆಕೆಂಡಿನಲ್ಲಿ ಖರ್ಚಾದರೆ ಆ ಕ್ಷಣದ ಸರಾಸರಿ ಸಾಮರ್ಥ್ಯ 400 ಕಿಲೊವ್ಯಾಟ್. ಅದೇ ಧಾರಕ ಎರಡು ಸೆಕೆಂಡಿನಲ್ಲಿ ಮತ್ತೆ ತುಂಬುವಾಗ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಸರಾಸರಿ 200 ವ್ಯಾಟ್, ಅದರ ಮೇಲೆ ನಷ್ಟದ ಪಾಲು. ಒಂದೇ ದೀಪಕ್ಕೆ ಇಷ್ಟು ದೂರದ ಎರಡು ವ್ಯಾಟ್ ಅಂಕಿಗಳಿರುವಾಗ "400 ವ್ಯಾಟ್" ಎಂಬುದು ಎರಡನ್ನೂ ಹೇಳುವುದಿಲ್ಲ.

ಜೂಲ್ ಕೂಡ ಬೆಳಕಲ್ಲ

ಜೂಲ್ ಎಂದು ತಿದ್ದಿಕೊಂಡರೂ ನಮಗೆ ತಿಳಿಯುವುದು ಧಾರಕದಲ್ಲಿರುವ ಶಕ್ತಿ ಮಾತ್ರ. ಮುಖದ ಮೇಲೆ ಬೀಳುವ ಬೆಳಕನ್ನು ನಿರ್ಧರಿಸುವುದರಲ್ಲಿ ನಳಿಗೆಯ ದಕ್ಷತೆಗೂ ಅದರ ಹಿಂದಿನ ಪ್ರತಿಫಲಕದ ಬಟ್ಟಲಿಗೂ ಮುಂದೆ ಕಟ್ಟುವ ಬಟ್ಟೆಗೂ ಪಾಲಿದೆ.

ಬೆಳಕನ್ನು ಹೇಳಲು ಗೈಡ್ ನಂಬರ್ ಎಂಬ ಇನ್ನೊಂದು ಅಂಕಿಯಿದೆ. ಮೀಟರಿನಲ್ಲಿ ದೂರ × ಎಫ್ ಸಂಖ್ಯೆ = ಗೈಡ್ ನಂಬರ್. ಐಎಸ್‌ಒ 100ರಲ್ಲಿ ಗೈಡ್ ನಂಬರ್ 64 ಎಂದರೆ 8 ಮೀಟರ್ ದೂರದಲ್ಲಿ ಎಫ್/8 ಸಿಗುತ್ತದೆ. ಇದು ಜೂಲಿಗಿಂತ ಪ್ರಾಮಾಣಿಕವಾದ ಅಂಕಿ. ಆದರೆ ಇಲ್ಲೂ ಒಂದು ಸಂದು ಇದೆ. ಒಂದೇ ನಳಿಗೆಗೆ ಅಗಲವಾದ ಬಟ್ಟಲು ಹಾಕಿದರೆ 45, ಕಿರಿದಾದ ಬಟ್ಟಲು ಹಾಕಿ ಬೆಳಕನ್ನು ಒಟ್ಟುಗೂಡಿಸಿದರೆ 64 ಬರಬಹುದು. 64ನ್ನು 45ರಿಂದ ಭಾಗಿಸಿ ವರ್ಗ ಮಾಡಿದರೆ 2. ನಡುವಿನ ಬೆಳಕು ಎರಡು ಪಟ್ಟಾಯಿತು, ಆದರೆ ನಳಿಗೆ ಹೆಚ್ಚೇನನ್ನೂ ಕೊಡಲಿಲ್ಲ. ಆದ್ದರಿಂದ ಯಾವ ಬಟ್ಟಲಿನಲ್ಲಿ ಅಳೆದದ್ದು ಎಂದು ಹೇಳದ ಗೈಡ್ ನಂಬರನ್ನು ಇನ್ನೊಂದರೊಡನೆ ಹೋಲಿಸಬಾರದು.

ಇನ್ನು ಶಿವಾಜಿನಗರದ ಪಾಸ್‌ಪೋರ್ಟ್ ಚಿತ್ರಕ್ಕೆ ಎಷ್ಟು ಶಕ್ತಿ ಬೇಕು? 400 ಜೂಲಿನ ದೀಪದ ಗೈಡ್ ನಂಬರ್ 64 ಎಂದುಕೊಳ್ಳೋಣ. ಅದನ್ನು 100 ಜೂಲಿಗೆ ಇಳಿಸಿದರೆ ಬೆಳಕು ಕಾಲು ಭಾಗ, ಗೈಡ್ ನಂಬರ್ ಅರ್ಧ, ಅಂದರೆ 32. ಎರಡು ಪದರ ಬಟ್ಟೆಯ ಸಾಫ್ಟ್‌ಬಾಕ್ಸ್ ಎರಡು ಸ್ಟಾಪ್ ನುಂಗುತ್ತದೆ ಎಂದು ಹಿಡಿದರೆ ಉಳಿಯುವುದು 16. ದೀಪ ಒಂದೂವರೆ ಮೀಟರಿನಲ್ಲಿದ್ದರೆ ಐಎಸ್‌ಒ 100ರಲ್ಲಿ ಎಫ್/11ರ ಹತ್ತಿರ. ಎಫ್/8 ಸಾಕೆಂದರೆ ಇದರಲ್ಲೂ ಹೆಚ್ಚುಕಡಿಮೆ ಅರ್ಧ ಮಿಗುತ್ತದೆ. ಹೀಗಿರುವಾಗ ಆ ಕೋಣೆಗೆ 600 ಜೂಲಿನ ದೀಪ ಕೊಳ್ಳುವುದು ಕೊಡಪಾನ ತುಂಬಲು ಬೋರ್‌ವೆಲ್ ಕೊರೆಸಿದಂತೆ. ಅಷ್ಟೇ ಅಲ್ಲ, ದೊಡ್ಡ ದೀಪವನ್ನು ಕನಿಷ್ಠಕ್ಕೆ ಇಳಿಸಿದರೂ ಸಣ್ಣ ಕೋಣೆಗೆ ಬೆಳಕು ಹೆಚ್ಚಾಗಬಹುದು. ಆದ್ದರಿಂದ ಗರಿಷ್ಠದಷ್ಟೇ ಕನಿಷ್ಠವನ್ನೂ ಕೇಳಬೇಕು. 400 ಜೂಲಿನ ದೀಪ 1/32ಕ್ಕೆ ಇಳಿದರೆ 12.5 ಜೂಲ್, 1/8ರಲ್ಲೇ ನಿಂತರೆ 50 ಜೂಲ್.

ಫಿಲ್ಮಿನ ಕಾಲದಲ್ಲಿ ಹೆಚ್ಚು ಜೂಲ್ ಬಯಸಲು ಕಾರಣವಿತ್ತು. ನುಣುಪಾದ ಚಿತ್ರಕ್ಕೆ ನಿಧಾನ ಫಿಲ್ಮ್ ಬೇಕು, ಅದಕ್ಕೆ ಬಲವಾದ ಬೆಳಕು ಬೇಕು. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಐಎಸ್‌ಒ 400ರ ಚಿತ್ರವೂ ಸ್ವಚ್ಛವಾಗಿಯೇ ಬರುತ್ತದೆ. ಐಎಸ್‌ಒ 100ರಿಂದ 400ಕ್ಕೆ ಏರಿದರೆ ಅದೇ ಫಲಕ್ಕೆ ಕಾಲು ಭಾಗ ಶಕ್ತಿ ಸಾಕು. 300 ಜೂಲಿನ ಬದಲು 600 ಜೂಲ್ ಕೊಂಡರೆ ಸಿಗುವ ಲಾಭ ಒಂದೇ ಸ್ಟಾಪ್. ಅದನ್ನು ಕ್ಯಾಮೆರಾದ ಗುಂಡಿ ಬಿಟ್ಟಿಯಾಗಿ ಕೊಡುತ್ತದೆ.

ಹೆಚ್ಚು ಶಕ್ತಿ ನಿಜವಾಗಿ ಬೇಕಾಗುವುದು ಎಲ್ಲಿ?

ಹಲಸೂರಿನ ಕುಟುಂಬದ ಗುಂಪು ಚಿತ್ರದಲ್ಲಿ. ಬಿಂದು ಆಕರದಿಂದ ಬರುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೀಪ ಮುಂದಿನ ಸಾಲಿನಿಂದ 2 ಮೀಟರ್, ಹಿಂದಿನ ಸಾಲಿನಿಂದ 3 ಮೀಟರ್ ದೂರದಲ್ಲಿದ್ದರೆ ಹಿಂದೆ ನಿಂತವರಿಗೆ ಸಿಗುವುದು 4/9, ಅಂದರೆ ಶೇಕಡ 44. ಮುಂದೆ ಕುಳಿತ ಅಜ್ಜಿಯ ಮುಖ ಬೆಳ್ಳಗಾಗುತ್ತದೆ, ಹಿಂದಿನ ಮೊಮ್ಮಗ ಕಪ್ಪಾಗುತ್ತಾನೆ. ದೀಪವನ್ನು 4 ಮೀಟರ್ ಹಿಂದಕ್ಕೆ ಸರಿಸಿದರೆ ಹಿಂದಿನ ಸಾಲು 5 ಮೀಟರಿನಲ್ಲಿರುತ್ತದೆ; ಅನುಪಾತ 16/25, ಶೇಕಡ 64. ಚಿತ್ರ ಸಮವಾಗುತ್ತದೆ. ಆದರೆ ದೂರ ಎರಡು ಪಟ್ಟಾದ್ದರಿಂದ ಬೇಕಾದ ಶಕ್ತಿ ನಾಲ್ಕು ಪಟ್ಟು. ಇಲ್ಲಿ 400 ಜೂಲ್ ದುಂದಲ್ಲ. ಮಂಟಪದಲ್ಲಿ ಮೂವತ್ತು ಜನರನ್ನು ನಿಲ್ಲಿಸುವವರಿಗೆ 600 ಜೂಲ್ ಕೂಡ ದುಂದಲ್ಲ.

ಶಕ್ತಿ ಹೆಚ್ಚಿದ್ದರೆ ಮುಖ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಗೆ ಮಾತ್ರ ಆಧಾರವಿಲ್ಲ. ನೆರಳಿನ ಅಂಚು ಮೃದುವಾಗುವುದು ಆಕರದ ಗಾತ್ರದಿಂದ. ಒಂದು ಮೀಟರ್ ಅಗಲದ ಕೊಡೆಯನ್ನು ಮುಖದ ಹತ್ತಿರ ತಂದರೆ 100 ಜೂಲಿನ ಬೆಳಕೂ ಮೃದು. ಅಂಗೈ ಅಗಲದ ಬಟ್ಟಲಿನಿಂದ ಬಂದರೆ 1000 ಜೂಲಿನ ಬೆಳಕೂ ಒರಟು. ಕಪ್ಪು ಮೈಬಣ್ಣದವರನ್ನು ಬೆಳಕು ಏರಿಸಿ ಬೆಳ್ಳಗೆ ಮಾಡಿ ಕೊಡುವ ಅಭ್ಯಾಸ ನಮ್ಮ ಸ್ಟುಡಿಯೊಗಳಲ್ಲಿದೆ. ಹಾಗೆ ಏರಿಸಿದಾಗ ಕೆನ್ನೆ, ಹಣೆಗಳ ಏರಿಳಿತ ಅಳಿಸಿಹೋಗುತ್ತದೆ. ಗುರುತಿಗಾಗಿ ತೆಗೆದ ಚಿತ್ರದಲ್ಲಿ ಗುರುತೇ ಮಾಸುತ್ತದೆ. ಅಂತಹ ಮುಖಕ್ಕೆ ಬೇಕಾದದ್ದು ಪಕ್ಕದಿಂದ ಬರುವ ದೊಡ್ಡ ಮೃದು ಬೆಳಕು. ಕೊಡೆ, ಸಾಫ್ಟ್‌ಬಾಕ್ಸುಗಳಿಗೆ ಹಣ ಉಳಿಸಿಕೊಳ್ಳದೆ ಎಲ್ಲವನ್ನೂ ಜೂಲಿಗೆ ಸುರಿಯುವುದು ಈ ದೃಷ್ಟಿಯಿಂದಲೂ ತಪ್ಪು.

ಹೊಳಪಿನ ಅವಧಿ: ಅರ್ಧ ಸತ್ಯ

"ಹೊಳಪಿನ ಅವಧಿ 1/1200 ಸೆಕೆಂಡ್" ಎಂದು ಡಬ್ಬಿ ಹೇಳುತ್ತದೆ. ಇದನ್ನು ಅಳೆಯುವ ಕ್ರಮ ಎರಡು. ಬೆಳಕು ತನ್ನ ಗರಿಷ್ಠದ ಅರ್ಧಕ್ಕಿಂತ ಮೇಲಿರುವ ಕಾಲ ಒಂದು. ಗರಿಷ್ಠದ ಹತ್ತನೇ ಒಂದು ಭಾಗಕ್ಕಿಂತ ಮೇಲಿರುವ ಕಾಲ ಇನ್ನೊಂದು. ಡಬ್ಬಿಯ ಮೇಲೆ ಸಾಮಾನ್ಯವಾಗಿ ಕಾಣುವುದು ಮೊದಲನೆಯದು, ಏಕೆಂದರೆ ಅದು ಚಿಕ್ಕದು.

ಧಾರಕ ಬರಿದಾಗುವುದು ಸ್ಥೂಲವಾಗಿ ಘಾತೀಯ ಇಳಿಕೆಯಲ್ಲಿ. ಈ ಇಳಿಕೆಯಲ್ಲಿ ಅರ್ಧಕ್ಕೆ ಬರಲು 0.69 ಕಾಲಾಂಕ, ಹತ್ತನೇ ಒಂದಕ್ಕೆ ಬರಲು 2.3 ಕಾಲಾಂಕ ಬೇಕು. ಎರಡನೆಯದು ಮೊದಲನೆಯದರ ಮೂರು ಪಟ್ಟಿಗಿಂತ ಹೆಚ್ಚು. ಹಾಗಾದರೆ 1/1200 ಎಂದು ಬರೆದ ದೀಪದ ಕೆಲಸದ ಅವಧಿ ಸುಮಾರು 1/400 ಸೆಕೆಂಡ್. ಶುದ್ಧ ಘಾತೀಯ ಇಳಿಕೆಯಲ್ಲಿ ಒಟ್ಟು ಬೆಳಕಿನ ಅರ್ಧ ಭಾಗ ಹೊರಬರುವುದೇ ಆ "ಅವಧಿ" ಮುಗಿದ ಮೇಲೆ! ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸುವ ಭರತನಾಟ್ಯ ಕಲಾವಿದೆಯ ಕೈ 1/1200 ಸೆಕೆಂಡಿನಲ್ಲಿ 4 ಮಿಲಿಮೀಟರ್, 1/400 ಸೆಕೆಂಡಿನಲ್ಲಿ 12.5 ಮಿಲಿಮೀಟರ್ ಚಲಿಸುತ್ತದೆ. ಮೊದಲನೆಯದನ್ನು ಕಣ್ಣು ಮನ್ನಿಸಬಹುದು, ಎರಡನೆಯದರಲ್ಲಿ ಬೆರಳುಗಳು ಕದಡಿ ಕಾಣುತ್ತವೆ.

ಅವಧಿ ಎಷ್ಟು ಮುಖ್ಯ ಎಂಬುದನ್ನು ಮೊದಲು ತೋರಿಸಿದವರಲ್ಲಿ ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ಪ್ರಮುಖರು. 1931ರ ಸುಮಾರಿಗೆ ಅವರು ಸ್ಟ್ರೋಬನ್ನು ಬೆಳೆಸಿದ್ದು ಮುಖಗಳ ಚಿತ್ರ ತೆಗೆಯಲು ಅಲ್ಲ, ತಿರುಗುವ ವಿದ್ಯುತ್ ಮೋಟಾರುಗಳನ್ನು ಅಭ್ಯಸಿಸಲು. ಆಮೇಲೆ ಅದೇ ಬೆಳಕಿನಲ್ಲಿ ಅವರು ತೆಗೆದ, ಹಾಲಿನ ಹನಿ ಕಿರೀಟದಂತೆ ಚಿಮ್ಮುವ ಚಿತ್ರ ಲೋಕಪ್ರಸಿದ್ಧವಾಯಿತು. ನಮ್ಮ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅವರು ನಿಶಾಚರ ಪ್ರಾಣಿಪಕ್ಷಿಗಳನ್ನು ಫ್ಲ್ಯಾಶ್ ಬೆಳಕಿನಲ್ಲಿ ಹಿಡಿದು ಹೆಸರಾದರು. ಹಾಲಿನ ಹನಿಯಾಗಲಿ ರೆಕ್ಕೆ ಬಡಿಯುವ ಗೂಬೆಯಾಗಲಿ, ಚಲಿಸುವ ವಸ್ತುವಿನ ಮುಂದೆ "ಎಷ್ಟು ಬೆಳಕು" ಎಂಬುದರಷ್ಟೇ "ಎಷ್ಟು ಹೊತ್ತು" ಎಂಬುದೂ ಮುಖ್ಯ.

ಬಣ್ಣ ಮತ್ತು ಸ್ಥಿರತೆ

ದೀಪವನ್ನು ತಗ್ಗಿಸುವ ವಿಧಾನ ಎರಡು. ಹಳೆಯ ಮಾದರಿಗಳಲ್ಲಿ ಧಾರಕದ ವೋಲ್ಟೇಜನ್ನೇ ಇಳಿಸುತ್ತಾರೆ. ಆಗ ನಳಿಗೆಯ ಉರಿ ತಣ್ಣಗಾಗಿ ಬೆಳಕು ತುಸು ಕೆಂಪಿಗೆ ತಿರುಗುತ್ತದೆ, ಅವಧಿ ಹೆಚ್ಚುತ್ತದೆ. ಹೊಸ ಮಾದರಿಗಳಲ್ಲಿ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ ಇಳಿಕೆಯ ಬಾಲವನ್ನು ನಡುವೆಯೇ ಕತ್ತರಿಸುತ್ತದೆ. ಆಗ ಅವಧಿ ಕಡಿಮೆಯಾಗುತ್ತದೆ, ಬೆಳಕು ತುಸು ನೀಲಿಗೆ ತಿರುಗುತ್ತದೆ. "5600 ಕೆಲ್ವಿನ್" ಎಂಬ ಒಂದೇ ಅಂಕಿ ಯಾವ ಮಟ್ಟದಲ್ಲಿ ನಿಜ, ಎಲ್ಲ ಮಟ್ಟಗಳಲ್ಲೂ ವ್ಯತ್ಯಾಸ ಎಷ್ಟರೊಳಗೆ ಎಂದು ಕೇಳಬೇಕು. ಸೀರೆಯ ಬಣ್ಣ ತಪ್ಪಿತೆಂದು ಗಿರಾಕಿ ಹಿಂದಿರುಗಿಸಿದರೆ ನಷ್ಟ ಇಂದಿರಾನಗರದ ಸ್ಟುಡಿಯೊದವರಿಗೆ.

ನಳಿಗೆಯ ಗಾಜಿಗೆ ಅತಿನೇರಳೆ ಕಿರಣಗಳನ್ನು ತಡೆಯುವ ಲೇಪವಿದೆಯೇ ಎಂದೂ ವಿಚಾರಿಸಬೇಕು. ಬಟ್ಟೆ ಒಗೆಯುವ ಪುಡಿಗಳಲ್ಲಿರುವ ಬಿಳುಪುಕಾರಕಗಳು ಅತಿನೇರಳೆಯನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತವೆ. ಲೇಪವಿಲ್ಲದ ನಳಿಗೆಯ ಮುಂದೆ ಮದುಮಗನ ಬಿಳಿ ಪಂಚೆ ನೀಲಿಯಾಗಿ ಕಾಣಲು ಇದೇ ಕಾರಣ.

ಸ್ಥಿರತೆಯ ಪ್ರಶ್ನೆ ನಮ್ಮ ಬೀದಿಗಳ ವಿದ್ಯುತ್ತಿಗೆ ಸಂಬಂಧಿಸಿದ್ದು. ಕೆಲವು ದೀಪಗಳಲ್ಲಿ "ಸಿದ್ಧ" ಎನ್ನುವ ಸೂಚಕ ಧಾರಕ ಪೂರ್ತಿ ತುಂಬುವ ಮೊದಲೇ ಹೊತ್ತಿಕೊಳ್ಳುತ್ತದೆ. ವೋಲ್ಟೇಜ್ ಶೇಕಡ 90ರಲ್ಲಿದ್ದಾಗ ಕ್ಯಾಮೆರಾ ಒತ್ತಿದರೆ ಶಕ್ತಿ 0.9 × 0.9, ಅಂದರೆ ಶೇಕಡ 81. ಒಂದು ಚಿತ್ರ ಸರಿ, ಮುಂದಿನದು ಮಂಕು. ಸಂಜೆ ವೋಲ್ಟೇಜ್ ಇಳಿಯುವ ಗಲ್ಲಿಯಲ್ಲಿ ಧಾರಕ ತುಂಬುವ ಕಾಲವೂ ಹೆಚ್ಚುತ್ತದೆ. ವಿದ್ಯುತ್ ಹೋದಾಗ ಯುಪಿಎಸ್ ನಂಬುವವರು ಇನ್ನೊಂದು ಲೆಕ್ಕ ಮಾಡಬೇಕು. 400 ಜೂಲಿನ ಎರಡು ದೀಪಗಳು ಒಂದು ಸೆಕೆಂಡಿನಲ್ಲಿ ತುಂಬುವಂತಿದ್ದರೆ ಎಳೆತ ಸರಾಸರಿ 800 ವ್ಯಾಟಿಗೂ ಮೇಲೆ. ಕಂಪ್ಯೂಟರಿನ ಸಣ್ಣ ಯುಪಿಎಸ್ ಇದನ್ನು ತಾಳದು. ಮಂಟಪಗಳಿಗೆ ಹೋಗುವವರಿಗೆ ಲಿಥಿಯಂ ಬ್ಯಾಟರಿಯ ದೀಪಗಳು ಯೋಗ್ಯ. ಕೋಣೆಯಲ್ಲೇ ಕೆಲಸ ಮಾಡುವವರು ಆ ಬ್ಯಾಟರಿಗೆ ಹಣ ಕೊಡಬೇಕಾಗಿಲ್ಲ.

ಎಲ್‌ಇಡಿ ಸಾಲದೇ?

ಈಗ ಅಂಗಡಿಗಳಲ್ಲಿ ಸ್ಟ್ರೋಬಿನ ಪಕ್ಕದಲ್ಲೇ "200 ವ್ಯಾಟ್" ಎಲ್‌ಇಡಿ ದೀಪಗಳೂ ಇರುತ್ತವೆ. ನಾನೂರರ ಅರ್ಧ ಎಂದು ಭಾವಿಸುವವರಿದ್ದಾರೆ. ಇದು ನಿಜವಾದ ವ್ಯಾಟ್, ಅದು ಜೂಲ್. ಷಟರ್ 1/125 ಸೆಕೆಂಡ್ ತೆರೆದಾಗ ಈ ಎಲ್‌ಇಡಿ ಬಳಸುವ ಶಕ್ತಿ 200 ÷ 125 = 1.6 ಜೂಲ್. 400ಕ್ಕೂ ಇದಕ್ಕೂ 250 ಪಟ್ಟು ಅಂತರ. ಎಲ್‌ಇಡಿಯ ದಕ್ಷತೆ ಕ್ಸೆನಾನಿನ ಎರಡೂವರೆ ಪಟ್ಟು ಎಂದು ಹಿಡಿದರೂ ಉಳಿಯುವುದು ನೂರು ಪಟ್ಟು. ವೀಡಿಯೊ ತೆಗೆಯುವವರಿಗೆ, ಅಲುಗಾಡದ ವಸ್ತುಗಳ ಚಿತ್ರ ತೆಗೆಯುವವರಿಗೆ, ಬೆಳಕನ್ನು ಕಣ್ಣಾರೆ ನೋಡುತ್ತ ಕಲಿಯುವ ವಿದ್ಯಾರ್ಥಿಗಳಿಗೆ ಎಲ್‌ಇಡಿ ಬಹಳ ಒಳ್ಳೆಯದು. ಕುಣಿಯುವ ಮಗುವನ್ನು, ನಾಲ್ಕು ಸಾಲಿನ ಗುಂಪನ್ನು ಹಿಡಿಯಲು ಸ್ಟ್ರೋಬಿಗೆ ಸಮನಲ್ಲ.

ಒಂದು ಎಚ್ಚರಿಕೆ

ಆಸ್ಪತ್ರೆಗಳಲ್ಲಿ ಹೃದಯದ ಲಯ ಸರಿಪಡಿಸಲು ಬಳಸುವ ಡಿಫಿಬ್ರಿಲೇಟರಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 360 ಜೂಲ್. 400 ಜೂಲಿನ ಸ್ಟ್ರೋಬ್ ತನ್ನೊಳಗೆ ಅದಕ್ಕಿಂತ ಹೆಚ್ಚು ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಧಾರಕದಲ್ಲಿ ಆವೇಶ ಉಳಿಯಬಲ್ಲದು. ವಿದ್ಯಾರ್ಥಿಗಳು ಯಾವ ಕಾರಣಕ್ಕೂ ಇದರ ಕವಚ ಬಿಚ್ಚಬಾರದು. ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್ಟಿಗೇ ಜೋಡಿಸಬೇಕು. ಹಳೆಯ ಕೆಲವು ಸ್ಟ್ರೋಬುಗಳ ಸಿಂಕ್ ತಂತಿಯಲ್ಲಿ ನೂರು ವೋಲ್ಟಿಗೂ ಮೀರಿದ ವಿಭವ ಇರುತ್ತದೆ. ಅದನ್ನು ನೇರವಾಗಿ ಡಿಜಿಟಲ್ ಕ್ಯಾಮೆರಾಗೆ ಜೋಡಿಸಿದರೆ ಕ್ಯಾಮೆರಾ ಕೆಡಬಹುದು. ರೇಡಿಯೊ ಟ್ರಿಗರ್ ಬಳಸುವುದು ಕ್ಷೇಮ.

ತರಗತಿಯಲ್ಲಿ ಒಂದು ಪರೀಕ್ಷೆ

ಡಬ್ಬಿಯ ಮಾತನ್ನು ಪರೀಕ್ಷಿಸಲು ಗಾಢ ಬಣ್ಣದ ಒಂದು ಸೀಲಿಂಗ್ ಫ್ಯಾನ್ ಸಾಕು. ಫ್ಯಾನ್ ನಿಲ್ಲಿಸಿ ಒಂದು ರೆಕ್ಕೆಯ ತುದಿಗೆ ಚಿಕ್ಕ ಬಿಳಿ ಚುಕ್ಕೆ ಅಂಟಿಸಿ. ಫ್ಯಾನ್ ಹಾಕಿ, ಸಾಧಾರಣ ಬೆಳಕಿನಲ್ಲಿ 1/50 ಸೆಕೆಂಡಿನ ಚಿತ್ರ ತೆಗೆಯಿರಿ. ಚುಕ್ಕೆ ಒಂದು ಕಂಸವಾಗಿ ಮೂಡುತ್ತದೆ. ಅದರ ಕೋನ 36 ಡಿಗ್ರಿ ಇದ್ದರೆ ಫ್ಯಾನಿನ ವೇಗ ಸೆಕೆಂಡಿಗೆ 5 ಸುತ್ತು. ತುದಿಯ ತ್ರಿಜ್ಯ 0.6 ಮೀಟರ್ ಆದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 18.8 ಮೀಟರ್. ಈಗ ಕೋಣೆ ಕತ್ತಲು ಮಾಡಿ ಸ್ಟ್ರೋಬಿನಿಂದ ಚಿತ್ರ ತೆಗೆಯಿರಿ. ಅವಧಿ ನಿಜಕ್ಕೂ 1/1200 ಆಗಿದ್ದರೆ ಚುಕ್ಕೆ ತನ್ನ ಅಗಲದ ಮೇಲೆ ಸುಮಾರು 16 ಮಿಲಿಮೀಟರ್ ಎಳೆದಿರಬೇಕು. 47 ಮಿಲಿಮೀಟರ್ ಬಾಲ ಕಂಡರೆ ಅದು 1/400. ಬಾಲ ಮಸುಕಾಗುತ್ತ ಹೋಗುವುದು ಘಾತೀಯ ಇಳಿಕೆಯ ಚಿತ್ರವೇ.

ಇದರ ಜೊತೆಗೆ ಬೂದು ಕಾಗದವೊಂದನ್ನು 2 ಮೀಟರ್ ದೂರದಲ್ಲಿಟ್ಟು, ಎಲ್ಲವನ್ನೂ ಕೈಯಿಂದ ನಿಗದಿಪಡಿಸಿ, ಸೂಚಕ ಹೊತ್ತಿದಾಗಲೆಲ್ಲ ಒಂದರಂತೆ ಹತ್ತು ಚಿತ್ರ ತೆಗೆಯಿರಿ. ಪೂರ್ಣ, ಅರ್ಧ, ಕಾಲು ಮಟ್ಟಗಳಲ್ಲಿ ಮತ್ತೆ ಮಾಡಿ. ಹತ್ತರ ಬೂದು ಒಂದೇ ಇದ್ದರೆ ದೀಪ ಸ್ಥಿರ. ಮಟ್ಟ ಬದಲಿಸಿದಾಗ ಬೂದು ಕೆಂಪಿಗೋ ನೀಲಿಗೋ ಜಾರಿದರೆ ಬಣ್ಣದ ಅಂಕಿ ನಂಬುವಂತಿಲ್ಲ.

ಕೊಟೇಶನ್ ಕರೆಯುವ ಅಧ್ಯಾಪಕರು ಮುಂದಿನ ಸಲ ವ್ಯಾಟ್ ಎಂಬ ಒಂದು ಸಾಲಿನ ಜಾಗದಲ್ಲಿ ಆರು ಸಾಲು ಬರೆಯಬಹುದು: ಗರಿಷ್ಠ ಮತ್ತು ಕನಿಷ್ಠ ಜೂಲ್, ಬಟ್ಟಲಿನ ವಿವರದೊಡನೆ ಗೈಡ್ ನಂಬರ್, ಹತ್ತನೇ ಒಂದು ಭಾಗದವರೆಗಿನ ಹೊಳಪಿನ ಅವಧಿ, ಎಲ್ಲ ಮಟ್ಟಗಳಲ್ಲಿ ಬಣ್ಣದ ವ್ಯತ್ಯಾಸದ ಮಿತಿ, ಪೂರ್ತಿ ತುಂಬುವ ಕಾಲ, ಬದಲಿ ನಳಿಗೆ ಮತ್ತು ರಿಪೇರಿ ಬೆಂಗಳೂರಿನಲ್ಲೇ ಸಿಗುವ ಖಾತರಿ. ಈ ಆರಕ್ಕೂ ಬರಹದಲ್ಲಿ ಉತ್ತರ ಕೊಡುವ 300 ಜೂಲಿನ ದೀಪ, ಒಂದಕ್ಕೂ ಉತ್ತರ ಕೊಡದ 600 ಜೂಲಿನ ದೀಪಕ್ಕಿಂತ ಉತ್ತಮವಾದ ಆಯ್ಕೆ. ಶಿವಾಜಿನಗರದ ಸಣ್ಣ ಸ್ಟುಡಿಯೊದವರೂ ಹಣ ಕೊಡುವ ಮೊದಲು ಹತ್ತು ಚಿತ್ರಗಳ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ ನೋಡಬಹುದು. ಅದಕ್ಕೆ ಬೇಕಾದದ್ದು ಅವರ ಕ್ಯಾಮೆರಾ, ಒಂದು ಬೂದು ಕಾಗದ ಮತ್ತು ಕಾಲು ಗಂಟೆಯ ತಾಳ್ಮೆ.